ಆಟದ ಗ್ರಹಗಳು ಗ್ರಾಫಿಗೆ ಇಳಿದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಇದೇ ಅಂಕಣದಲ್ಲಿ ಕರ್ಬಲ್ ಸ್ಪೇಸ್ ಪ್ರೋಗ್ರಾಮ್ ಅನ್ನೋ ಕಂಪ್ಯೂಟರ್ ಆಟದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ರಾಕೆಟ್ ಕಟ್ಟಿ ಹಾರಿಸುವ ಆಟ. ಮೆಕ್ಸಿಕೋದ ಸ್ಕ್ವಾಡ್ ಕಂಪನಿ ಮಾಡಿದ್ದು. 2011ರಲ್ಲಿ ಮೊದಲ ಸಲ ಹೊರಬಂತು, ಪೂರ್ತಿ ಆವೃತ್ತಿ ಬಂದದ್ದು 2015ರಲ್ಲಿ. ಅದರೊಳಗೆ ಒಂದು ಪುಟ್ಟ ಸೌರಮಂಡಲ ಇದೆ. ಭೂಮಿಯ ಜಾಗದಲ್ಲಿ ಕರ್ಬಿನ್, ಬುಧನ ಜಾಗದಲ್ಲಿ ಮೋಹೊ, ಶುಕ್ರನಿಗೆ ಈವ್, ಮಂಗಳನಿಗೆ ಡ್ಯೂನಾ, ಗುರುವಿಗೆ ಜೂಲ್. ಇವಲ್ಲದೆ ಡ್ರೆಸ್, ಈಲೂ ಅಂತ ಇನ್ನೆರಡು ಗ್ರಹ. ಈ ಗ್ರಹಗಳ ದಾರಿಯನ್ನು ಡೆಸ್ಮೋಸ್ ಅಥವಾ ಜಿಯೋಜಿಬ್ರಾದಂಥ ಗ್ರಾಫ್ ತಂತ್ರಾಂಶದಲ್ಲಿ ಬರೆದು ನೋಡಿ, ಮನೆಯಲ್ಲಿ ಕಲಿಯುವವರಿಗೆ ಎರಡೂ ಪುಕ್ಕಟೆ, ಅಂತ ಕೊನೆಗೆ ಸುಮ್ನೆ ಒಂದು ಮಾತು ಸೇರಿಸಿದ್ದೆ. ಆ ಒಂದು ಮಾತಿಗೇ ಕಾರವಾರದಿಂದ ಭಟ್ಕಳದವರೆಗೆ ಪತ್ರಗಳು ಬಂದಿವೆ. ಶಿರಸಿಯಲ್ಲಿ ಮೂರು ದಿನದಿಂದ ಬಿಡದೆ ಮಳೆ, ಕರೆಂಟು ಬಂದು ಹೋಗಿ ಮಾಡುತ್ತಿದೆ. ಹಾಗಾಗಿ ಲ್ಯಾಪ್‌ಟಾಪ್ ಚಾರ್ಜ್ ಇದ್ದಷ್ಟು ಹೊತ್ತು ಕೂತು ಉತ್ತರ ಬರೆದಿದ್ದೇನೆ.

ಎಲ್ಲರಿಗೂ ಬೇಕಾಗುವ ಅಂಕಿ ಮೊದಲೇ ಕೊಟ್ಟುಬಿಡುತ್ತೇನೆ. ಕರ್ಬಿನ್ ತನ್ನ ಸೂರ್ಯನಿಂದ 1,35,99,840 ಕಿ.ಮೀ. ದೂರದಲ್ಲಿದೆ. ಇಷ್ಟು ದೊಡ್ಡ ಸಂಖ್ಯೆಯನ್ನು ಗ್ರಾಫಿಗೆ ತುರುಕಬೇಡಿ, ಸೊನ್ನೆ ಎಣಿಸುವುದರಲ್ಲೇ ಸಂಜೆಯಾಗುತ್ತದೆ. ಅದನ್ನು 1 ಅಂತ ಇಟ್ಟುಕೊಳ್ಳಿ. ಆಗ ಮೋಹೊ 0.387, ಈವ್ 0.723, ಡ್ಯೂನಾ 1.524, ಡ್ರೆಸ್ 3.003, ಜೂಲ್ 5.057, ಈಲೂ 6.626. ಭೂಮಿಯನ್ನು 1 ಅಂತ ಇಟ್ಟು ನಿಜವಾದ ಬುಧ, ಶುಕ್ರ, ಮಂಗಳರ ದೂರ ತೆಗೆದು ನೋಡಿ: 0.387, 0.723, 1.524! ಆಟ ಮಾಡಿದವರು ನಮ್ಮ ಸೌರಮಂಡಲವನ್ನೇ ಹನ್ನೊಂದು ಪಟ್ಟು ಕುಗ್ಗಿಸಿ ಒಳಗಿನ ಮೂರು ಗ್ರಹಗಳನ್ನು ಹಾಗೇ ಇಳಿಸಿಕೊಂಡಿದ್ದಾರೆ. ಗುರುವಿಗೆ ಬಂದಾಗ ಮಾತ್ರ ಕೈ ಸಡಿಲ ಮಾಡಿದ್ದಾರೆ, ಗುರುವಿನದ್ದು 5.2.

ಪ್ರಶ್ನೆ: ಸೂತ್ರ ಸರಿಯಾಗಿಯೇ ಬರೆದೆ. ಎಕ್ಸ್ = ಎ × (ಕಾಸ್ ಟಿ − ಇ), ವೈ = ಎ × √(1 − ಇ²) × ಸೈನ್ ಟಿ. ಡೆಸ್ಮೋಸ್ ಪರದೆ ಖಾಲಿ. ಒಂದು ಚುಕ್ಕೆಯೂ ಇಲ್ಲ. ನನ್ನ ಫೋನ್ ಹಳೆಯದು, ಅದಕ್ಕಾ? (ಪಿಯುಸಿ ವಿದ್ಯಾರ್ಥಿ, ಕುಮಟಾ)

ಫೋನಿನ ತಪ್ಪಲ್ಲ. ಡೆಸ್ಮೋಸ್‌ನಲ್ಲಿ 'ಇ' ಅನ್ನೋ ಇಂಗ್ಲಿಷ್ ಅಕ್ಷರ ಮೊದಲೇ ಬುಕ್ ಆಗಿದೆ. ಲಾಗರಿದಮ್ ಪಾಠದಲ್ಲಿ ಬರುತ್ತದಲ್ಲ, 2.718, ಅದು. ನೀವು ಉತ್ಕೇಂದ್ರತೆ (ದಾರಿ ಪೂರ್ತಿ ದುಂಡಿನಿಂದ ಎಷ್ಟು ತಪ್ಪಿದೆ ಅನ್ನುವ ಅಳತೆ, ಪೂರ್ತಿ ದುಂಡಗಿದ್ದರೆ ಸೊನ್ನೆ) ಅಂದುಕೊಂಡು ಬರೆದಿರಿ, ಅದು 2.718 ಅಂತ ಓದಿತು. ಅದರ ವರ್ಗ 7.389. ಒಂದರಲ್ಲಿ ಅದನ್ನು ಕಳೆದರೆ ಮೈನಸ್ 6.389. ಮೈನಸ್ಸಿಗೆ ವರ್ಗಮೂಲ ಎಲ್ಲಿಂದ ತರುವುದು? ಅದು ಬಾಯಿ ಮುಚ್ಚಿ ಕೂತಿತು. ಅಕ್ಷರದ ಕೆಳಗೆ ಒಂದು ಪುಟ್ಟ 1 ಸೇರಿಸಿ, ಅಥವಾ ಬೇರೆ ಯಾವುದಾದರೂ ಅಕ್ಷರ ಹಿಡಿಯಿರಿ. ಮೋಹೊಗೆ ಅದರ ಬೆಲೆ 0.2, ಎ ಅಂದರೆ ಮೇಲೆ ಕೊಟ್ಟ ದೂರ, 0.387. ನಾನೂ ಮೊದಲ ದಿನ ಇದೇ ತಪ್ಪು ಮಾಡಿ ಅರ್ಧ ರಾತ್ರಿ ಕಳೆದಿದ್ದೆ, ಆದ್ದರಿಂದ ನಗುವುದಿಲ್ಲ.

ಪ್ರಶ್ನೆ: ನನಗೆ ಗೆರೆ ಬಂತು, ಆದರೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಒಂದು ತುಂಡು ಮಾತ್ರ. (ಅಂಕೋಲಾ)

ಡೆಸ್ಮೋಸ್ ಟಿಯನ್ನು ತಾನಾಗಿ 0ಯಿಂದ 1ರವರೆಗೆ ಮಾತ್ರ ಓಡಿಸುತ್ತದೆ. ಒಂದು ರೇಡಿಯನ್ ಅಂದರೆ 57 ಡಿಗ್ರಿ ಚಿಲ್ಲರೆ. ಗೆರೆಯ ಕೆಳಗೇ ಆ ಮಿತಿ ಕಾಣುತ್ತದೆ, 1 ಇದ್ದಲ್ಲಿ 2π ಬರೆಯಿರಿ.

ಪ್ರಶ್ನೆ: ಮೋಹೊದ ದಾರಿ ಬರೆದೆ. ಉತ್ಕೇಂದ್ರತೆ 0.2 ಅಂದರೆ ಚೆನ್ನಾಗಿ ಮೊಟ್ಟೆಯಾಕಾರ ಇರಬೇಕಲ್ಲವೇ? ನನಗೆ ಬಂದದ್ದು ಬಳೆಯ ಹಾಗೆ ದುಂಡಗಿದೆ. ಆಟದಲ್ಲಿ ನೋಡಿದರೆ ಮೋಹೊ ಒಂದು ಕಡೆ ಸೂರ್ಯನಿಗೆ ಹತ್ತಿರ, ಇನ್ನೊಂದು ಕಡೆ ದೂರ. ನನ್ನ ಗ್ರಾಫಿನಲ್ಲಿ ಹಾಗಿಲ್ಲ. ಎಲ್ಲಿ ತಪ್ಪಿದೆ? (ಶಿಕ್ಷಕಿ, ಯಲ್ಲಾಪುರ)

ದುಂಡಗಿರುವುದು ತಪ್ಪಲ್ಲ. ಸೂರ್ಯನನ್ನು ಕೂರಿಸಿದ ಜಾಗ ತಪ್ಪು. ನೀವು ಕಳಿಸಿದ ಸೂತ್ರದಲ್ಲಿ ಎಕ್ಸ್ = ಎ × ಕಾಸ್ ಟಿ ಅಂತಷ್ಟೇ ಇದೆ, 'ಮೈನಸ್ ಇ' ಬಿಟ್ಟುಹೋಗಿದೆ. ಹಾಗೆ ಬರೆದರೆ ಅಳತೆ ಶುರುವಾಗುವುದು ದೀರ್ಘವೃತ್ತದ ನಡುಮಧ್ಯದಿಂದ. ಸೂರ್ಯ ಇರುವುದು ಅಲ್ಲಲ್ಲ, ನಾಭಿಯಲ್ಲಿ, ಅಂದರೆ ನಡುವಿನಿಂದ ಒಂದು ಬದಿಗೆ ಸರಿದ ಬಿಂದುವಿನಲ್ಲಿ.

ಆದರೆ ನಿಮ್ಮ ಮೊದಲ ಅನುಮಾನ ಇದೆಯಲ್ಲ, ಯಾಕೆ ದುಂಡಗಿದೆ ಅನ್ನುವುದು, ಅದು ನನಗೆ ಜಾಸ್ತಿ ಹಿಡಿಸಿತು. ಪಾಠದ ಪುಸ್ತಕಗಳಲ್ಲಿ ಗ್ರಹದ ದಾರಿಯನ್ನು ಸೌತೆಕಾಯಿಯ ಹಾಗೆ ಉದ್ದಕ್ಕೆ ಬರೆದು ಬರೆದು ನಮ್ಮೆಲ್ಲರ ಕಣ್ಣು ಕೆಟ್ಟಿದೆ. ಮನೆಯಲ್ಲಿ ಇದನ್ನು ಮಾಡಿ ನೋಡಿ. ನಾನು ತಂಗಿಯ ಮಗಳ ಜೊತೆ ಅಡಿಕೆ ಒಣಗಿಸುವ ಅಂಗಳದಲ್ಲಿ ಮಾಡಿದ್ದು. ಎರಡು ಮೊಳೆ, ನಡುವೆ 40 ಸೆಂಟಿಮೀಟರ್ ಅಂತರ. 240 ಸೆಂಟಿಮೀಟರ್ ಹುರಿ ತೆಗೆದು ಗಂಟು ಹಾಕಿ ಬಳೆ ಮಾಡಿ. ಗಂಟಿಗೆ ಹೋಗುವ ಹುರಿ ಈ ಲೆಕ್ಕಕ್ಕೆ ಸೇರಬಾರದು, ಮೊದಲ ಸಲ ನಾವು ಅಲ್ಲೇ ಎಡವಿದ್ದು. ಹುರಿಯನ್ನು ಎರಡೂ ಮೊಳೆಗೆ ಸುತ್ತಿ, ಸೀಮೆಸುಣ್ಣದಿಂದ ಬಿಗಿಯಾಗಿ ಎಳೆದು ಹಿಡಿದು ಒಂದು ಸುತ್ತು ಬನ್ನಿ. ಇದು ಮೋಹೊದ ದಾರಿಯೇ, ಅದೇ 0.2. ಈಗ ಟೇಪ್ ಹಿಡಿಯಿರಿ. ಉದ್ದ 200 ಸೆಂಟಿಮೀಟರ್. ಅಗಲ? ಹುಡುಗಿ 150 ಅಂದಳು, ನಾನು 180 ಅಂದಿದ್ದೆ. ಅಳೆದರೆ 196!

ಎರಡು ಮೀಟರಿಗೆ ನಾಲ್ಕೇ ಸೆಂಟಿಮೀಟರ್ ಕಡಿಮೆ. ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ. ಈಗ ಒಂದು ಮೊಳೆ ಕಿತ್ತುಬಿಡಿ, ಉಳಿದ ಮೊಳೆಯೇ ಸೂರ್ಯ. ಅಲ್ಲಿಂದ ಒಂದು ತುದಿಗೆ 80, ಇನ್ನೊಂದು ತುದಿಗೆ 120. ಇದು ದೂರದಿಂದ ನೋಡಿದರೂ ಕಾಣುತ್ತದೆ. ಅಂದರೆ ಗ್ರಹದ ದಾರಿ ಅಂದರೆ ಚಪ್ಪಟೆ ವೃತ್ತ ಅನ್ನುವುದಕ್ಕಿಂತ, ಸೂರ್ಯ ಓರೆಗೆ ಕೂತ ದುಂಡನೆ ವೃತ್ತ ಅಂದುಕೊಂಡರೆ ಸತ್ಯಕ್ಕೆ ಹತ್ತಿರ. ಆಟದ ಅಳತೆಯಲ್ಲಿ ಆ ಓರೆ ಎಷ್ಟು ಅಂದರೆ, ನಡುವಿನಿಂದ ಸೂರ್ಯ 10.5 ಲಕ್ಷ ಕಿ.ಮೀ. ಸರಿದಿದ್ದಾನೆ. ಅಂಗಳದ ಆ ಗೆರೆಯನ್ನು ಅಳಿಸಬಾರದು ಅಂತ ಹುಡುಗಿ ಹಟ ಹಿಡಿದಳು. ಎರಡು ದಿನ ಅಡಿಕೆಯೆಲ್ಲ ಮೋಹೊದ ಹೊರಗೇ ಒಣಗಿತು.

ಪ್ರಶ್ನೆ: ನನ್ನ ರಾಕೆಟ್ ಕರ್ಬಿನ್ ಸುತ್ತ 100 ಕಿ.ಮೀ. ಮತ್ತು 300 ಕಿ.ಮೀ. ನಡುವೆ ಸುತ್ತುತ್ತಿದೆ, ಆಟದ ನಕ್ಷೆಯಲ್ಲಿ ಹಾಗೇ ತೋರಿಸುತ್ತದೆ. ಉತ್ಕೇಂದ್ರತೆ (300−100)/(300+100), ಅಂದರೆ 0.5 ಬಂತು. ಒಂದು ಸುತ್ತಿಗೆ ಹಿಡಿಯುವ ಹೊತ್ತು ಐದೇ ನಿಮಿಷ ಅಂತ ಲೆಕ್ಕ ಹೇಳುತ್ತದೆ. ಆಟದಲ್ಲಿ 40 ನಿಮಿಷ. ಎಂಟು ಪಟ್ಟು ವ್ಯತ್ಯಾಸ! ಆಟವೇ ತಪ್ಪಾ? (ಹೊನ್ನಾವರ)

ನಿಮ್ಮ ಮನೆ ಬಾವಿ ಎಷ್ಟು ಆಳ ಅಂತ ಯಾರಾದರೂ ಕೇಳಿದರೆ ಕಟ್ಟೆಯಿಂದ ಹೇಳುತ್ತೀರಾ, ನೆಲದಿಂದ ಹೇಳುತ್ತೀರಾ? ಹಗ್ಗ ಕೊಳ್ಳುವವನಿಗೆ ಕಟ್ಟೆಯಿಂದ ಬೇಕು, ಬಾವಿ ತೋಡುವವನಿಗೆ ನೆಲದಿಂದ. ಇದೂ ಹಾಗೇ. ಆಟ ತೋರಿಸುವ 100 ಮತ್ತು 300 ಕರ್ಬಿನ್ನಿನ ಸಮುದ್ರಮಟ್ಟದಿಂದ ಮೇಲಿನ ಎತ್ತರ. ಸೂತ್ರಕ್ಕೆ ಬೇಕಾದದ್ದು ಗ್ರಹದ ಕೇಂದ್ರದಿಂದ ಇರುವ ದೂರ. ಕರ್ಬಿನ್ನಿನ ತ್ರಿಜ್ಯ 600 ಕಿ.ಮೀ., ಅದನ್ನು ಎರಡಕ್ಕೂ ಸೇರಿಸಿ: 700 ಮತ್ತು 900. ಈಗ ಉತ್ಕೇಂದ್ರತೆ 200/1600, ಅಂದರೆ 0.125. ಅರ್ಧ ಉದ್ದ 800 ಕಿ.ಮೀ. ಕರ್ಬಿನ್ನಿನ ಗುರುತ್ವದ ಅಂಕಿ ಕಿಲೋಮೀಟರ್ ಲೆಕ್ಕದಲ್ಲಿ 3531.6. 800ರ ಘನವನ್ನು ಅದರಿಂದ ಭಾಗಿಸಿ, ವರ್ಗಮೂಲ ತೆಗೆದು, 2π ಇಂದ ಗುಣಿಸಿದರೆ 2392 ಸೆಕೆಂಡ್. ಸುಮಾರು 40 ನಿಮಿಷ. ಆಟ ಸರಿಯಾಗಿಯೇ ಇದೆ.

ನೀವು ಗ್ರಾಫಿನಲ್ಲಿ ಕರ್ಬಿನ್ನಿನ ದುಂಡನ್ನೂ ಬರೆದಿದ್ದರೆ ಗಮ್ಮತ್ತು ಕಾಣುತ್ತಿತ್ತು. ನಿಮ್ಮ ರಾಕೆಟ್ ಪೂರ್ತಿ ನೆಲದೊಳಗೇ ಸುತ್ತುತ್ತಿತ್ತು, ಹೆಗ್ಗಣದ ಹಾಗೆ. ಈ ತಿಂಗಳ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಜಾತಿಯ ಎಡವಟ್ಟು. ಲೆಕ್ಕ ಸರಿ, ಸೂತ್ರ ಸರಿ, ಅಳತೆಯನ್ನು ಎಲ್ಲಿಂದ ಶುರು ಮಾಡಿದ್ದು ಅನ್ನುವುದು ಮಾತ್ರ ಬೇರೆ.

ಪ್ರಶ್ನೆ: ಎಲ್ಲ ಗ್ರಹಗಳ ಶುರುವಿನ ಕೋನ 3.14 ಅಂತ ಹಾಕಿದೆ, ಜೂಲಿಗೆ 0.1. ಎಲ್ಲವೂ ತಮ್ಮ ಸಮೀಪಬಿಂದುವಿನ (ದಾರಿಯಲ್ಲಿ ಸೂರ್ಯನಿಗೆ ತೀರಾ ಹತ್ತಿರದ ಜಾಗ) ಹತ್ತಿರವೇ ಗುಂಪುಗೂಡಿದವು. (ಅದೇ ಅಂಕೋಲಾದವರು)

ಮತ್ತೆ ನೀವೇನಾ! ಡಿಗ್ರಿ ಒತ್ತಿಟ್ಟಿದ್ದೀರಿ. ಆಟದಲ್ಲಿ ಈ ಒಂದು ಕೋನ ಮಾತ್ರ ರೇಡಿಯನ್‌ನಲ್ಲಿದೆ, ಓರೆ ಮತ್ತು ದಿಕ್ಕಿನ ಕೋನಗಳೆಲ್ಲ ಡಿಗ್ರಿಯಲ್ಲಿವೆ. ಯಾಕೆ ಹೀಗೆ ಕಲಸಿಟ್ಟರೋ ದೇವರೇ ಬಲ್ಲ. 3.14 ರೇಡಿಯನ್ ಅಂದರೆ ಅರ್ಧ ಸುತ್ತು, ಸಮೀಪಬಿಂದುವಿನ ಎದುರು ತುದಿ. ಅಂದಹಾಗೆ ಮೋಹೊದ ಸಮೀಪಬಿಂದು ಎಕ್ಸ್ ಅಕ್ಷದ ಮೇಲಿಲ್ಲ. ಆಟ ಕೊಡುವ ದಿಕ್ಕಿನ ಎರಡು ಕೋನ, 70 ಮತ್ತು 15, ಕೂಡಿಸಿ ಇಡೀ ಗೆರೆಯನ್ನು 85 ಡಿಗ್ರಿ ತಿರುಗಿಸಬೇಕು. ಚಪ್ಪಟೆ ಕಾಗದದ ಮೇಲೆ ಬರೆಯುವವರಿಗೆ ಇಷ್ಟು ಸಾಕು.

ಪ್ರಶ್ನೆ: ದಾರಿ ಸರಿಯಾಗಿ ಬಂತು. ಅದರ ಮೇಲೆ ಚುಕ್ಕೆ ಓಡಿಸಲು ಟಿಗೆ ಸ್ಲೈಡರ್ (ಸರಿಸಿದರೆ ಬೆಲೆ ಬದಲಾಗುವ ಗುಂಡಿ) ಹಾಕಿದೆ. ಆಟದ ಮೋಹೊ ಮತ್ತು ನನ್ನ ಚುಕ್ಕೆ ಒಟ್ಟಿಗೆ ಹೊರಟು ಒಟ್ಟಿಗೆ ವಾಪಸ್ ಬರುತ್ತವೆ. ನಡುವೆ ಮಾತ್ರ ಹೊಂದುವುದಿಲ್ಲ. ಹೋಗುವಾಗ ನನ್ನದು ಹಿಂದೆ, ಬರುವಾಗ ಮುಂದೆ. (ಎಂಜಿನಿಯರಿಂಗ್ ವಿದ್ಯಾರ್ಥಿ, ಕಾರವಾರ)

ಈ ತಿಂಗಳ ಬೆಸ್ಟ್ ಪ್ರಶ್ನೆ ಇದು. ಸ್ವಲ್ಪ ಜಾಸ್ತಿ ಜಾಗ ತೆಗೆದುಕೊಳ್ಳುತ್ತೇನೆ.

ನಿಮ್ಮ ಸ್ಲೈಡರ್ ಒಂದೇ ಹದದಲ್ಲಿ ಸರಿಯುತ್ತದೆ. ಮೋಹೊ ಹಾಗೆ ಸರಿಯುವುದಿಲ್ಲ. ಸೂರ್ಯನ ಹತ್ತಿರ ಬಂದಾಗ ಓಡುತ್ತದೆ, ದೂರ ಹೋದಾಗ ಎಳೆಯುತ್ತದೆ. ಖಗೋಳಜ್ಞ ಕೆಪ್ಲರ್ 1609ರಲ್ಲಿ ಹೇಳಿದ್ದು ಇದನ್ನೇ: ಸೂರ್ಯನಿಂದ ಗ್ರಹಕ್ಕೆ ಎಳೆದ ಗೆರೆ ಸಮಾನ ಹೊತ್ತಿನಲ್ಲಿ ಸಮಾನ ಜಾಗ ಗುಡಿಸುತ್ತದೆ. ಮೋಹೊಗೆ ಲೆಕ್ಕ ಹಾಕಿದರೆ ಹತ್ತಿರದ ತುದಿಯಲ್ಲಿ ವೇಗ ದೂರದ ತುದಿಯ ಒಂದೂವರೆ ಪಟ್ಟು. ನಿಮ್ಮ ಚುಕ್ಕೆಯ ವೇಗ ಎರಡೂ ತುದಿಯಲ್ಲಿ ಒಂದೇ ಇದೆ, ಬೇಕಿದ್ದರೆ ಅಳೆದು ನೋಡಿ.

ಹಾಗಾದರೆ ದಿನ ಗೊತ್ತಿದ್ದರೆ ಗ್ರಹದ ಜಾಗ ಹೇಳುವುದು ಹೇಗೆ? ಗ್ರಹ ಒಂದೇ ಹದದಲ್ಲಿ ಹೋಗಿದ್ದರೆ ಎಷ್ಟು ಕೋನ ಹೋಗಿರುತ್ತಿತ್ತು, ಅದನ್ನು 'ಎಂ' ಅನ್ನೋಣ. ಸುಳ್ಳು ಕೋನ, ಆದರೆ ಗಡಿಯಾರಕ್ಕೆ ಹೊಂದುತ್ತದೆ. ನಿಮ್ಮ ಸೂತ್ರದೊಳಗಿನ ಟಿ ಬೇರೆ ಕೋನ, ಅದು ಗೆರೆ ಬರೆಯುವುದಕ್ಕೆ ಮಾತ್ರ. ಎರಡಕ್ಕೂ ಇರುವ ನಂಟು: ಎಂ = ಟಿ − ಇ × ಸೈನ್ ಟಿ. ನೋಡುವುದಕ್ಕೆ ಪಾಪದ ಸೂತ್ರ. ಟಿ ಗೊತ್ತಿದ್ದರೆ ಎಂ ಸಲೀಸು. ನಮಗೆ ಬೇಕಾದದ್ದು ತಿರುಗಾಮುರುಗಾ, ಎಂ ಇಂದ ಟಿ. ಅದಕ್ಕೆ ನೇರ ಸೂತ್ರವೇ ಇಲ್ಲ. ಊಹಿಸಿ, ತಿದ್ದಿ, ಮತ್ತೆ ತಿದ್ದಿ ಹೋಗಬೇಕು.

ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ, ರೇಡಿಯನ್‌ಗೆ ಇಡಿ. ಎಂ = 1 ಅಂತ ಹಿಡಿಯೋಣ, ಉತ್ಕೇಂದ್ರತೆ 0.2. ಮೊದಲ ಊಹೆ ಟಿ = 1. ಅದರ ಸೈನ್ ತೆಗೆದು, 0.2 ರಿಂದ ಗುಣಿಸಿ, 1 ಕೂಡಿಸಿ: 1.1683. ಇದನ್ನೇ ಮತ್ತೆ ಒಳಗೆ ಹಾಕಿ: 1.1840. ಮತ್ತೊಮ್ಮೆ: 1.1852. ಮತ್ತೊಮ್ಮೆ: 1.1853. ಇನ್ನು ಎಷ್ಟು ಒತ್ತಿದರೂ ಅದು ಅಲುಗಾಡುವುದಿಲ್ಲ. ಹಗ್ಗ ಬಿಗಿಯುವಾಗ ಮೊದಲ ಎಳೆತಕ್ಕೆ ಒಂದು ಮೊಳ ಬರುತ್ತದೆ, ಎರಡನೆಯದಕ್ಕೆ ನಾಲ್ಕು ಬೆರಳು, ಆಮೇಲೆ ಏನೂ ಬರುವುದಿಲ್ಲ, ಹಾಗೆ. ಡೆಸ್ಮೋಸ್‌ನಲ್ಲಿ ಇದನ್ನು ಮಾಡಲು ಎಫ್(ಯು) = ಎಂ + 0.2 × ಸೈನ್ ಯು ಅಂತ ಒಂದು ಸಾಲು ಬರೆಯಿರಿ. ಕೆಳಗೆ ಟಿ ಬೇಕಾದಲ್ಲಿ ಎಫ್ ಒಳಗೆ ಎಫ್ ಒಳಗೆ ಎಫ್ ಅಂತ ಐದು ಸಲ ಹೆಣೆದು ತೀರಾ ಒಳಗೆ ಎಂ ಇಡಿ. ಸ್ಲೈಡರ್ ಟಿಗೆ ಬೇಡ, ಎಂಗೆ ಕೊಡಿ. ಗೆಳೆಯರು ನ್ಯೂಟನ್ ವಿಧಾನ ಬಳಸು, ಎರಡೇ ಹೆಜ್ಜೆಗೆ ಮುಗಿಯುತ್ತದೆ ಅನ್ನಬಹುದು. ನಿಜ, ಮುಗಿಯುತ್ತದೆ. ಆದರೆ ಮೋಹೊದಂಥ ಗ್ರಹಕ್ಕೆ ಇದು ಸಾಕು, ಸೂತ್ರವೂ ಬಾಯಲ್ಲಿ ನಿಲ್ಲುತ್ತದೆ.

ಎಂ ಎಷ್ಟು ಸುಳ್ಳು ಅಂತ ಕೇಳಬಹುದು. ಸೂರ್ಯನಲ್ಲಿ ನಿಂತು ನೋಡಿದರೆ ಎಂ ಎಂಬ ಸುಳ್ಳು ಕೋನಕ್ಕೂ ಮೋಹೊ ನಿಜವಾಗಿ ಇರುವ ಕೋನಕ್ಕೂ ಜಾಸ್ತಿ ಅಂದರೆ 23 ಡಿಗ್ರಿ ಅಂತರ. ಕೈ ಚಾಚಿ ಹೆಬ್ಬೆರಳು ಕಿರುಬೆರಳು ಅಗಲಿಸಿ ಹಿಡಿದರೆ ಎಷ್ಟು ಆಕಾಶ ಮುಚ್ಚುತ್ತದೋ ಹೆಚ್ಚುಕಡಿಮೆ ಅಷ್ಟು.

ನಿಮ್ಮ ಅಜ್ಜನ ಮನೆಯಲ್ಲಿ ಪಂಚಾಂಗದ ಲೆಕ್ಕ ಬಲ್ಲವರು ಯಾರಾದರೂ ಇದ್ದರೆ ಈ ಸೂತ್ರ ತೋರಿಸಿ. ಅವರು ಸುಳ್ಳು ಕೋನಕ್ಕೆ ಮಧ್ಯಗ್ರಹ ಅನ್ನುತ್ತಾರೆ, ತಿದ್ದುವುದಕ್ಕೆ ಮಂದಫಲ, ತಿದ್ದಿ ಬಂದದ್ದಕ್ಕೆ ಸ್ಫುಟ. ಕೆಪ್ಲರನ ದೀರ್ಘವೃತ್ತ ಅಲ್ಲಿಲ್ಲ, ವೃತ್ತದ ಮೇಲೆ ವೃತ್ತ ಇಟ್ಟು ಮಾಡುವ ಲೆಕ್ಕ ಅದು. ಆದರೆ ತಿದ್ದುತ್ತಿರುವುದು ಇದೇ ಹಿಂದೆ ಮುಂದೆಯನ್ನು. ಧನುರ್ಮಾಸದ ಹುಗ್ಗಿ ತಿನ್ನುವಾಗ ಇದನ್ನು ನೆನೆಸಿಕೊಳ್ಳಬಹುದು. ಭೂಮಿ ಸೂರ್ಯನಿಗೆ ತೀರಾ ಹತ್ತಿರ ಬರುವುದು ಜನವರಿ ಶುರುವಿನಲ್ಲಿ. ಆಗ ಓಟ ಜಾಸ್ತಿ, ಹಾಗಾಗಿ ಸೂರ್ಯ ಧನು ರಾಶಿಯನ್ನು 30 ದಿನ ತುಂಬುವ ಮೊದಲೇ ದಾಟಿಬಿಡುತ್ತಾನೆ. ಅದೇ ಮಿಥುನ ದಾಟಲು 31 ದಿನಕ್ಕೂ ಜಾಸ್ತಿ ಬೇಕು. ಭೂಮಿಯ ಉತ್ಕೇಂದ್ರತೆ ಬರೀ 0.0167. ಅಷ್ಟಕ್ಕೇ ತಿಂಗಳುಗಳು ಹಿಗ್ಗಿ ಕುಗ್ಗುತ್ತವೆ ಅಂದರೆ 0.2 ಇರುವ ಮೋಹೊದ ಕಥೆ ನೀವೇ ಊಹಿಸಿ.

ಪ್ರಶ್ನೆ: ಮಗ ದಿನವಿಡೀ ಈ ಆಟ ಹಿಡಿದುಕೊಂಡು ಕೂತಿರುತ್ತಾನೆ. ಕೇಳಿದರೆ ಗಣಿತ ಅನ್ನುತ್ತಾನೆ. ನಂಬಬಹುದಾ? (ಗೃಹಿಣಿ, ಸಿದ್ದಾಪುರ)

ಪರದೆಯಲ್ಲಿ ರಾಕೆಟ್ ಇದ್ದರೆ ಆಟ, ಗೆರೆ ಮತ್ತು ಸ್ಲೈಡರ್ ಇದ್ದರೆ ಗಣಿತ. ಪಕ್ಕದಲ್ಲಿ ಗೀಚಿದ ಕಾಗದ ಬಿದ್ದಿದೆಯಾ ನೋಡಿ. ಇದ್ದರೆ ಒಂದು ಲೋಟ ಕಷಾಯ ಕೊಟ್ಟು ಬನ್ನಿ. ಊಟದ ಹೊತ್ತಿಗೆ ಏಳದಿದ್ದರೆ ಎರಡೂ ಬಂದ್ ಮಾಡಿ, ನನ್ನ ಹೆಸರು ಹೇಳಬೇಡಿ.

ಪ್ರಶ್ನೆ: ಈಲೂ ಗ್ರಹದ ದಾರಿ ಜೂಲ್ ದಾರಿಯನ್ನು ಕತ್ತರಿಸಿಕೊಂಡು ಹೋಗುತ್ತದೆ. ನನ್ನ ಗ್ರಾಫ್ ತಪ್ಪೋ, ಇಲ್ಲಾ ಒಂದು ದಿನ ಅವು ಢಿಕ್ಕಿ ಹೊಡೆಯುತ್ತವೋ? (ಗೋಕರ್ಣ)

ಗ್ರಾಫ್ ಸರಿ. ಈಲೂವಿನ ಉತ್ಕೇಂದ್ರತೆ 0.26. ಕರ್ಬಿನ್ ಅಳತೆಯಲ್ಲಿ ಅದು 4.90ವರೆಗೆ ಒಳಗೆ ಬಂದು 8.35ವರೆಗೆ ಹೊರಗೆ ಹೋಗುತ್ತದೆ. ಜೂಲ್ ಇರುವುದು 4.80 ಮತ್ತು 5.31ರ ನಡುವೆ. ಆಟದಲ್ಲಿ ಗ್ರಹಗಳು ಒಂದನ್ನೊಂದು ಎಳೆಯುವುದೇ ಇಲ್ಲ, ಹಳಿಯ ಮೇಲಿನ ರೈಲಿನ ಹಾಗೆ ತಮ್ಮ ಪಾಡಿಗೆ ತಾವು ಓಡುತ್ತವೆ. ಅದಕ್ಕೇ ನಮ್ಮ ಗ್ರಾಫ್ ಕೂದಲೆಳೆ ತಪ್ಪದೆ ಹೊಂದುವುದು. ನಿಜವಾದ ಬುಧನ ದಾರಿ ನಿಧಾನಕ್ಕೆ ತಿರುಗುತ್ತಾ ಹೋಗುತ್ತದೆ, ಉಳಿದ ಗ್ರಹಗಳ ಎಳೆತವನ್ನೆಲ್ಲ ಲೆಕ್ಕ ಹಾಕಿ ಕಳೆದರೂ ನೂರು ವರ್ಷಕ್ಕೆ 43 ಸೆಕೆಂಡ್ ಕೋನ (ಒಂದು ಡಿಗ್ರಿಯ 3600 ಪಾಲಿನಲ್ಲಿ 43) ಉಳಿಯುತ್ತಿತ್ತು, ಅದಕ್ಕೆ ಕಾರಣ ಸಿಕ್ಕಿದ್ದು 1915ರಲ್ಲಿ ಐನ್‌ಸ್ಟೈನ್ ಕೈಗೆ. ಮೋಹೊಗೆ ಆ ತಲೆಬಿಸಿ ಇಲ್ಲ.

ಈಗ ನೀವೇ ಒಂದು ಭಾಗಾಕಾರ ಮಾಡಿ. ಈಲೂ ಒಂದು ಸುತ್ತಿಗೆ 15,69,92,048 ಸೆಕೆಂಡ್ ತೆಗೆದುಕೊಳ್ಳುತ್ತದೆ. ಜೂಲ್ 10,46,61,432. ಉತ್ತರ ಹೆಚ್ಚುಕಡಿಮೆ ಸರಿಯಾಗಿ ಒಂದೂವರೆ. ಜೂಲ್ ಮೂರು ಸುತ್ತು ಬರುವಾಗ ಈಲೂ ಎರಡು. ನೆಪ್ಚೂನ್ ಮತ್ತು ಪ್ಲೂಟೊ ನಡುವೆಯೂ ಇದೇ ತಾಳ. ಪ್ಲೂಟೊ ಕೂಡ 1979ರಿಂದ 1999ರವರೆಗೆ ನೆಪ್ಚೂನಿಗಿಂತ ಒಳಗಿತ್ತು, ಆದರೂ ಅವು ಹತ್ತಿರ ಬರುವುದಿಲ್ಲ, ಒಂದು ಅಡ್ಡದಾರಿಗೆ ಬಂದಾಗ ಇನ್ನೊಂದು ಬೇರೆಲ್ಲೋ ಇರುತ್ತದೆ. ಈಲೂ ದಾರಿ 6.15 ಡಿಗ್ರಿ ಓರೆ ಬೇರೆ ಇದೆ. ಮೂರು ಆಯಾಮದಲ್ಲಿ ಬರೆದು ಪಕ್ಕಕ್ಕೆ ತಿರುಗಿಸಿ ನೋಡಿ. ಮೇಲಿನಿಂದ ನೋಡಿದಾಗ ಕೂಡಿದಂತೆ ಕಂಡ ಜಾಗದಲ್ಲಿ ಒಂದರ ಮೇಲೆ ಒಂದು ಹೋಗುತ್ತದೆ, ಹೊಳೆಯ ಮೇಲೆ ಸೇತುವೆ ಹೋದ ಹಾಗೆ.

ಪ್ರಶ್ನೆ: ಡ್ಯೂನಾಕ್ಕೆ ಹೊರಡಲು ಸರಿಯಾದ ಹೊತ್ತು ಗ್ರಾಫಿನಿಂದಲೇ ತೆಗೆದೆ. ಅದು ಕರ್ಬಿನ್‌ಗಿಂತ 44 ಡಿಗ್ರಿ ಮುಂದಿದ್ದಾಗ ಹೊರಟೆ. ಡ್ಯೂನಾದ ದಾರಿ ತಲುಪಿದೆ, ಡ್ಯೂನಾ ಅಲ್ಲಿರಲಿಲ್ಲ. (ಪದವಿ ವಿದ್ಯಾರ್ಥಿ, ಭಟ್ಕಳ)

ಅಯ್ಯೋ ಪಾಪ. ನಿಮ್ಮ ಲೆಕ್ಕವನ್ನು ಪೂರ್ತಿ ನೋಡಿದೆ, ಗ್ರಾಫ್ ಚೆಂದ ಇದೆ.

ಬೇರೆ ಓದುಗರಿಗಾಗಿ ಮೊದಲಿಂದ ಹೇಳುತ್ತೇನೆ. ಕರ್ಬಿನ್ ದಾರಿಯಿಂದ ಡ್ಯೂನಾ ದಾರಿಗೆ ಮುಟ್ಟುವ ಅರ್ಧ ದೀರ್ಘವೃತ್ತ ಬರೆದರೆ ಅದರ ಅರ್ಧ ಉದ್ದ 1.262. ಕೆಪ್ಲರನ ಮೂರನೇ ನಿಯಮದ ಪ್ರಕಾರ ಆ ದಾರಿಯ ಅರ್ಧ ಸುತ್ತಿಗೆ 65 ಲಕ್ಷ ಸೆಕೆಂಡ್ ಚಿಲ್ಲರೆ ಬೇಕು. ಕರ್ಬಿನ್ ದಿನ 6 ಗಂಟೆಯದ್ದು, ಹಾಗಾಗಿ 302 ದಿನ. ಆಟದ ಸೆಟ್ಟಿಂಗ್‌ನಲ್ಲಿ ಭೂಮಿಯ ದಿನ ಆರಿಸಿಕೊಂಡವರಿಗೆ 75 ದಿನ ಅಂತ ಕಾಣುತ್ತದೆ, ಗಾಬರಿಯಾಗಬೇಡಿ. ಅಷ್ಟರಲ್ಲಿ ಡ್ಯೂನಾ 135.6 ಡಿಗ್ರಿ ನಡೆದಿರುತ್ತದೆ. ನೀವು ತಲುಪುವುದು ಹೊರಟ ಜಾಗಕ್ಕೆ ಸರಿಯಾಗಿ ಎದುರು, 180 ಡಿಗ್ರಿಯಲ್ಲಿ. ಕಳೆದರೆ 44.4. ಆ ಕೋನ ತಪ್ಪಿದರೆ ಮತ್ತೆ 909 ದಿನ ಕಾಯಬೇಕು, ಅಂದರೆ 426 ದಿನದ ಎರಡು ಕರ್ಬಿನ್ ವರ್ಷ ಮತ್ತು 57 ದಿನ. ನಮ್ಮ ಮಾರಿಕಾಂಬಾ ಜಾತ್ರೆಯೂ ಎರಡು ವರ್ಷಕ್ಕೊಮ್ಮೆ, ಆದರೆ ಡ್ಯೂನಾ ಜಾತ್ರೆ ಪ್ರತಿ ಸಲ ಎರಡು ತಿಂಗಳಷ್ಟು ಮುಂದಕ್ಕೆ ಜಾರುತ್ತದೆ. ನಿಜವಾದ ಮಂಗಳನದ್ದೂ ಹೀಗೇ. ನಮ್ಮ ಮಂಗಳಯಾನ ಹೊರಟದ್ದು 2013ರ ನವೆಂಬರ್ 5ಕ್ಕೆ, ಮುಟ್ಟಿದ್ದು 2014ರ ಸೆಪ್ಟೆಂಬರ್ 24ಕ್ಕೆ. ಆಮೇಲೆ ಬೇರೆ ದೇಶದವರು ಮಂಗಳಕ್ಕೆ ನೌಕೆ ಬಿಟ್ಟ ತಿಂಗಳು ನೋಡಿ: 2016ರ ಮಾರ್ಚ್, 2018ರ ಮೇ, 2020ರ ಜುಲೈ.

ಈಗ ನಿಮ್ಮ ತಪ್ಪು. ನೀವು ಡ್ಯೂನಾವನ್ನು ಒಂದೇ ಹದದಲ್ಲಿ ಸುತ್ತುವ ದುಂಡನೆ ವೃತ್ತ ಅಂತ ಬರೆದಿದ್ದೀರಿ. ಕರ್ಬಿನ್‌ಗೆ ಅದು ನಡೆಯುತ್ತದೆ, ಅದರ ಉತ್ಕೇಂದ್ರತೆ ಸೊನ್ನೆ. ಡ್ಯೂನಾದ್ದು 0.051. ಸಣ್ಣದು ಅಂತ ನೀವೇ ಪಕ್ಕದಲ್ಲಿ ಬರೆದು ಬಿಟ್ಟುಬಿಟ್ಟಿದ್ದೀರಿ. ಕಾರವಾರದ ಹುಡುಗನಿಗೆ ಹೇಳಿದ ಹಿಂದೆ ಮುಂದೆ ಇಲ್ಲೂ ಇದೆ, ಜಾಸ್ತಿ ಅಂದರೆ ಸುಮಾರು 6 ಡಿಗ್ರಿ. ಆರು ಡಿಗ್ರಿ ಅಂದರೆ ಡ್ಯೂನಾದ ದೂರದಲ್ಲಿ 21 ಲಕ್ಷ ಕಿ.ಮೀ.ಗೂ ಜಾಸ್ತಿ. ಡ್ಯೂನಾ ತನ್ನ ಎಳೆತಕ್ಕೆ ನೌಕೆಯನ್ನು ಹಿಡಿಯುವುದು ಬರೀ 48 ಸಾವಿರ ಕಿ.ಮೀ. ಒಳಗೆ ಬಂದರೆ ಮಾತ್ರ. ಅದರ ಮೇಲೆ ಡ್ಯೂನಾ ಸೂರ್ಯನಿಗೆ ಹತ್ತಿರ ಇದ್ದಾಗ ಮತ್ತು ದೂರ ಇದ್ದಾಗಿನ ವ್ಯತ್ಯಾಸವೂ 21 ಲಕ್ಷ ಕಿ.ಮೀ. ಇದೆ, ಹಾಗಾಗಿ ನಿಮ್ಮ ಅರ್ಧ ದೀರ್ಘವೃತ್ತದ ಆಚೆ ತುದಿಯನ್ನೂ ಎಳೆದು ಸರಿಮಾಡಬೇಕು. ಮೇಲೆ ಬರೆದ ಐದು ಸುತ್ತಿನ ಎಫ್ ಅನ್ನು 0.051 ಹಾಕಿ ಡ್ಯೂನಾಕ್ಕೂ ಜೋಡಿಸಿ. ತಲುಪುವ ದಿನದ ಡ್ಯೂನಾ ಎಲ್ಲಿದೆ ಅಂತ ಮೊದಲು ನೋಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಹೊರಡುವ ದಿನ ಹಿಡಿಯಿರಿ.

ನೌಕೆ ಈಗ ಎಲ್ಲಿದೆ, ಇಂಧನ ಎಷ್ಟು ಉಳಿದಿದೆ, ಇದನ್ನು ನೀವು ಬರೆದೇ ಇಲ್ಲ. ಒಳಗೆ ಮೂರು ಜನ ಕೂತಿದ್ದಾರೆ ಅಂತ ಬೇರೆ ಬರೆದಿದ್ದೀರಿ. ಅದನ್ನು ತಿಳಿಸಿ, ಮುಂದಿನ ತಿಂಗಳು ಅವರನ್ನು ವಾಪಸ್ ಕರೆತರುವ ದಾರಿ ನೋಡೋಣ.